ಗ್ವಾನಾಹ್ವಾತೊ ನಗರದ ಗಂಟೆಯ ರಾತ್ರಿ

ಸೆಪ್ಟೆಂಬರ್ ೧೫ರ ಸಂಜೆ ಗ್ವಾನಾಹ್ವಾತೊ ನಗರಕ್ಕೆ ಬಂದಿಳಿಯುವ ಪ್ರವಾಸಿಯು ಆ ಇರುಳು ನಿದ್ರೆಯ ಆಸೆಯನ್ನು ತೊರೆಯಬೇಕು. ಮೆಕ್ಸಿಕೋ ದೇಶದ ನಡುನಾಡಿನಲ್ಲಿ, ಸಮುದ್ರಮಟ್ಟದಿಂದ ಸುಮಾರು ೨೦೦೦ ಮೀಟರುಗಳ ಎತ್ತರದಲ್ಲಿ, ಬೆಟ್ಟಗಳ ಕೊರಕಲಿನೊಳಗೆ ಹುದುಗಿರುವ ಈ ಊರು ಒಂದು ಕಾಲಕ್ಕೆ ಬೆಳ್ಳಿಯ ಗಣಿಗಳಿಂದ ಜಗದ್ವಿಖ್ಯಾತವಾಗಿದ್ದಿತು. ಹಳದಿ, ಕೆಂಪು, ನೀಲಿ ಬಣ್ಣದ ಮನೆಗಳು ಒಂದರ ಹೆಗಲ ಮೇಲೊಂದು ಏರಿ ನಿಂತಂತೆ ತೋರುತ್ತವೆ. ಅಂದು ಓಣಿ ಓಣಿಯಲ್ಲಿಯೂ ಹಸುರು, ಬಿಳುಪು, ಕೆಂಪು ತೋರಣಗಳು. ಚೌಕದಲ್ಲಿ ತುತ್ತೂರಿಗಳ ಗದ್ದಲ; ಮುಸುಕಿನ ಜೋಳವನ್ನೂ ಮಾಂಸವನ್ನೂ ಬೇಯಿಸಿದ ‘ಪೊಸೋಲೆ’ಯ ಹಬೆ; ತಂದೆಯ ಹೆಗಲೇರಿದ ಮಕ್ಕಳ ಕೈಯಲ್ಲಿ ಪುಟ್ಟ ಬಾವುಟ.

ರಾತ್ರಿ ಹನ್ನೊಂದರ ಸುಮಾರಿಗೆ ಗದ್ದಲ ಅಡಗುತ್ತದೆ. ಅಧಿಕಾರಸ್ಥರೊಬ್ಬರು ಉಪ್ಪರಿಗೆಯಲ್ಲಿ ನಿಂತು, ಗಂಟೆ ಬಾರಿಸಿ, ನಾಡಿನ ವೀರರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತಾರೆ. ಪ್ರತಿಯೊಂದು ಹೆಸರಿಗೂ ಜನಸ್ತೋಮವು ‘ವೀವಾ!’ ಎಂದು ಓಗೊಡುತ್ತದೆ. ‘ಬಾಳಲಿ’ ಎಂದು ಅದರ ಅರ್ಥ. ರಾಜಧಾನಿಯಲ್ಲಿ ಸ್ವತಃ ರಾಷ್ಟ್ರಾಧ್ಯಕ್ಷರೇ ಈ ವಿಧಿಯನ್ನು ನೆರವೇರಿಸುತ್ತಾರೆ. ಭಾಷೆಯನ್ನರಿಯದ ಪ್ರವಾಸಿಯೂ ಮೂರನೆಯ ಹೆಸರಿನ ವೇಳೆಗೆ ದನಿಗೂಡಿಸಿರುತ್ತಾನೆ. ಆ ಹೆಸರು ಯಾರದೆಂಬುದು ಮಾತ್ರ ಅವನಿಗೆ ತಿಳಿಯದು.

ಈ ಕೂಗು ಹುಟ್ಟಿದ್ದು ಇದೇ ಪ್ರಾಂತದ ದೊಲೊರೆಸ್ ಎಂಬ ಊರಿನಲ್ಲಿ. ೧೮೧೦ನೆಯ ಸೆಪ್ಟೆಂಬರ್ ೧೬ರ ನಸುಕಿನಲ್ಲಿ ಅಲ್ಲಿಯ ಪಾದ್ರಿ ಮಿಗೆಲ್ ಹಿಡಾಲ್ಗೊ ಇಗರ್ಜಿಯ ಗಂಟೆ ಬಾರಿಸಿ, ಸ್ಪೇನಿನ ಆಳಿಕೆಯ ವಿರುದ್ಧ ಏಳಿರೆಂದು ಜನರಿಗೆ ಕರೆಯಿತ್ತನು. ಆತನಾಡಿದ ನುಡಿಗಳು ಇಂಥವೇ ಎಂದು ಹೇಳಬಲ್ಲವರಿಲ್ಲ; ಗಂಟೆ ಉಳಿಯಿತು. ಅದನ್ನು ೧೮೯೬ರಲ್ಲಿ ರಾಜಧಾನಿಗೆ ಒಯ್ದು ಅರಮನೆಯ ಮೇಲೆ ತೂಗುಹಾಕಿದರು.

ಹನ್ನೆರಡು ದಿನಗಳಲ್ಲಿ ಬಂಡಾಯದ ಪಡೆ ಗ್ವಾನಾಹ್ವಾತೊ ನಗರಕ್ಕೆ ನುಗ್ಗಿತು. ಸ್ಪೇನಿನವರು ತಮ್ಮ ಸಂಪತ್ತಿನೊಡನೆ ‘ಅಲೊಂದಿಗ’ ಎಂಬ ಕಲ್ಲಿನ ಕಣಜದಲ್ಲಿ ಅಡಗಿದರು. ಪಿಪಿಲ ಎಂಬ ಗಣಿಯಾಳು ಬೆನ್ನಿಗೆ ಚಪ್ಪಡಿ ಕಟ್ಟಿಕೊಂಡು, ಗುಂಡಿನ ಮಳೆಯಲ್ಲಿ ತೆವಳಿ ಹೋಗಿ ಬಾಗಿಲಿಗೆ ಬೆಂಕಿಯಿಟ್ಟನೆಂದು ಜನ ಹೇಳುತ್ತಾರೆ. ಬಾಗಿಲು ಬಿದ್ದಿತು, ಒಳಗಿದ್ದ ನೂರಾರು ಜನ ಹತರಾದರು, ಊರು ಸೂರೆಹೋಯಿತು. ಸ್ವಾತಂತ್ರ್ಯದ ಮೊದಲ ಗೆಲುವಿಗೆ ಇಂಥ ಕಲೆಯೂ ಅಂಟಿಕೊಂಡಿದೆ.

ಗೆಲುವು ಬಹುಕಾಲ ಬಾಳಲಿಲ್ಲ. ಹಿಡಾಲ್ಗೊ ಸೆರೆಸಿಕ್ಕನು, ೧೮೧೧ನೆಯ ಜುಲೈ ೩೦ರಂದು ಅವನನ್ನು ಗುಂಡಿಟ್ಟು ಕೊಂದರು. ಅವನದೂ, ಅವನ ಜೊತೆಗಾರರಾದ ಅಯೆಂದೆ, ಅಲ್ದಾಮ, ಹಿಮೆನೆಸ್ ಎಂಬವರದೂ ತಲೆಗಳನ್ನು ತಂದು, ಅದೇ ಕಣಜದ ನಾಲ್ಕು ಮೂಲೆಗಳಲ್ಲಿ ತೂಗುಹಾಕಿದರು. ಬಿಸಿಲಿಗೆ ಒಣಗುತ್ತ, ಮಳೆಗೆ ನೆನೆಯುತ್ತ ಅವು ಹತ್ತು ವರ್ಷ ಅಲ್ಲಿಯೇ ಇದ್ದವು. ನಾಡು ಸ್ವತಂತ್ರವಾದದ್ದು ೧೮೨೧ರಲ್ಲಿ.

ಸ್ವಾತಂತ್ರ್ಯ ದೊರೆತ ದಿನವನ್ನು ಹಬ್ಬವಾಗಿ ಆಚರಿಸುವ ಭಾರತೀಯನಿಗೆ ಇದು ಅಚ್ಚರಿಯ ಸಂಗತಿ. ಮೆಕ್ಸಿಕೋ ಜನ ಆರಿಸಿಕೊಂಡದ್ದು ಗೆದ್ದ ದಿನವನ್ನಲ್ಲ. ಗೆಲುವನ್ನು ಕಾಣದೆ ಮಡಿದವನೊಬ್ಬನು ಗಂಟೆ ಬಾರಿಸಿದ ದಿನವನ್ನು.

ಮರುದಿನ ಬೆಳಗ್ಗೆ ಪ್ರವಾಸಿಯು ಆ ಕಣಜದ ಬಳಿಗೆ ಬರುತ್ತಾನೆ. ಮೂಲೆಗಳಲ್ಲಿ ಕೊಕ್ಕೆಗಳು ಇಂದಿಗೂ ಇವೆ. ಒಂದೊಂದು ಮೂಲೆಗೂ ಒಂದೊಂದು ಹೆಸರು. ರಾತ್ರಿ ತಾನು ಅರಿಯದೆ ‘ಬಾಳಲಿ’ ಎಂದು ಹರಸಿದ್ದು ಯಾರನ್ನೆಂಬುದು ಆಗ ಅವನಿಗೆ ತಿಳಿಯುತ್ತದೆ.