ದುರಸ್ತಿಯ ಗಂಟೆ ಯಾರ ಲೆಕ್ಕಕ್ಕೆ?

ಲಾರಿ ಚಲಿಸುತ್ತಿರುವಾಗ ಮಾತ್ರ ಚಾಲಕ ದುಡಿಯುತ್ತಾನೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಟೈರಿನ ಗಾಳಿ ನೋಡುವುದು, ಬ್ರೇಕ್ ಪರೀಕ್ಷಿಸುವುದು, ಪಂಕ್ಚರ್ ಆದ ಚಕ್ರ ಬಿಚ್ಚುವುದು, ಕೆಟ್ಟು ನಿಂತ ವಾಹನವನ್ನು ಕಾಯುವುದು ಇವೆಲ್ಲ ಲೆಕ್ಕಕ್ಕೆ ಬಾರದ ಸಂಗತಿಗಳು. ಹಗಲಿಡೀ ಲಾರಿಯ ಅಡಿಯಲ್ಲಿ ಮಲಗಿ ಸ್ಪ್ಯಾನರ್ ತಿರುಗಿಸಿದವನು ರಾತ್ರಿ ಹತ್ತಕ್ಕೆ ಸ್ಟಿಯರಿಂಗ್ ಹಿಡಿದರೆ, ಅವನನ್ನು ವಿಶ್ರಾಂತಿ ಪಡೆದ ಚಾಲಕನೆಂದು ಕರೆಯಬಹುದೇ? ಮೇಲ್ನೋಟಕ್ಕೆ ಇದು ದಾಖಲೆ ಪುಸ್ತಕದ ಒಂದು ಅಂಕಣಕ್ಕೆ ಸಂಬಂಧಿಸಿದ ಸಣ್ಣ ಪ್ರಶ್ನೆ. ಆದರೆ ಅದೇ ರಸ್ತೆಯಲ್ಲಿ ಸಂಚರಿಸುವ ನಮ್ಮೆಲ್ಲರ ಜೀವಕ್ಕೂ ಸಂಬಂಧಿಸಿದ ಪ್ರಶ್ನೆ.

ಅಮೆರಿಕದ ಫೆಡರಲ್ ನಿಯಮಗಳು ಇದಕ್ಕೆ ಸ್ಪಷ್ಟ ಉತ್ತರ ನೀಡಿವೆ. ಅಲ್ಲಿ ಸರಕು ಲಾರಿಯ ಚಾಲಕ ಸತತ 10 ಗಂಟೆಗಳ ವಿರಾಮದ ನಂತರ ಗರಿಷ್ಠ 11 ಗಂಟೆ ವಾಹನ ಓಡಿಸಬಹುದು, ಅದೂ ಕೆಲಸ ಆರಂಭಿಸಿದ 14 ಗಂಟೆಗಳೊಳಗೆ. ವಾರದ ಎಲ್ಲ ದಿನಗಳಲ್ಲೂ ವಾಹನ ಓಡಿಸುವ ಸಂಸ್ಥೆಗಳಲ್ಲಿ, 8 ದಿನಗಳ ಅವಧಿಯಲ್ಲಿ 70 ಗಂಟೆಗಳ ಕೆಲಸ ಪೂರೈಸಿದವನು ಮತ್ತೆ ಚಾಲನೆ ಮಾಡುವಂತಿಲ್ಲ. ಚಾಲಕನ ದಿನಚರಿಯಲ್ಲಿ ನಾಲ್ಕು ಸಾಲುಗಳಿರುತ್ತವೆ: ವಿರಾಮ, ಕ್ಯಾಬಿನ್ನಿನ ಮಲಗುವ ಜಾಗದಲ್ಲಿ ಕಳೆದ ಸಮಯ, ಚಾಲನೆ, ಚಾಲನೆಯಲ್ಲದ ಕೆಲಸ. ವಾಹನದ ತಪಾಸಣೆ, ಸರ್ವಿಸ್, ದುರಸ್ತಿ ಮತ್ತು ಕೆಟ್ಟು ನಿಂತ ಲಾರಿಯ ಬಳಿ ಕಾಯುವ ಸಮಯ ನಾಲ್ಕನೆಯ ಸಾಲಿಗೆ ಸೇರುತ್ತವೆ. ವಾಹನದ ಎಲ್ಲ ಹೊಣೆಯಿಂದ ಬಿಡುಗಡೆ ಹೊಂದಿ, ತನ್ನ ಇಚ್ಛೆಯಂತೆ ಸಮಯ ಕಳೆಯಲು ಚಾಲಕ ಸ್ವತಂತ್ರನಾಗಿದ್ದರೆ ಮಾತ್ರ ಅದು ವಿರಾಮ. ದುರಸ್ತಿಗೆಂದು ಲಾರಿಯನ್ನು ಗ್ಯಾರೇಜಿಗೆ ಒಯ್ಯುವುದನ್ನು ಸ್ವಂತ ಓಡಾಟವೆಂದು ತೋರಿಸುವಂತಿಲ್ಲ ಎಂದು 2018ರ ಮಾರ್ಗಸೂಚಿ ಹೇಳುತ್ತದೆ.

2017ರ ಡಿಸೆಂಬರ್‌ನಿಂದ ಈ ದಿನಚರಿಯನ್ನು ಬಹುತೇಕ ಲಾರಿಗಳಲ್ಲಿ ಎಂಜಿನ್ನಿಗೆ ಜೋಡಿಸಿದ ಎಲೆಕ್ಟ್ರಾನಿಕ್ ಸಾಧನವೇ ಬರೆಯುತ್ತಿದೆ. ಚಕ್ರ ಉರುಳಿದ್ದು ಅದಕ್ಕೆ ತಾನಾಗಿಯೇ ತಿಳಿಯುತ್ತದೆ. ವಾಹನ ನಿಂತು ಐದು ನಿಮಿಷವಾದರೆ ಅದು ಚಾಲಕನನ್ನು ಪ್ರಶ್ನಿಸುತ್ತದೆ; ಉತ್ತರ ಬಾರದಿದ್ದರೆ ‘ಚಾಲನೆಯಲ್ಲದ ಕೆಲಸ’ ಎಂದು ದಾಖಲಿಸಿಕೊಳ್ಳುತ್ತದೆ. ಆದರೆ ಚಾಲಕ ‘ವಿರಾಮ’ ಎಂದು ಒತ್ತಿದರೆ, ಅವನ ಕೈಯಲ್ಲಿ ಊಟದ ತಟ್ಟೆ ಇದೆಯೋ ಸ್ಪ್ಯಾನರ್ ಇದೆಯೋ ಎಂಬುದು ಯಂತ್ರಕ್ಕೆ ಕಾಣದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನ್ನ ಗಮನ ಸೆಳೆಯುವುದು ಈ ಆಯ್ಕೆಯ ಹಿಂದಿರುವ ಬೆಲೆ. ಅಮೆರಿಕದಲ್ಲಿ ದೂರ ಪ್ರಯಾಣದ ಚಾಲಕರಿಗೆ ಹೆಚ್ಚಾಗಿ ಮೈಲಿ ಲೆಕ್ಕದಲ್ಲಿ ಸಂಬಳ. 1938ರ ಕಾರ್ಮಿಕ ಮಾನದಂಡ ಕಾಯಿದೆಯ ಹೆಚ್ಚುವರಿ ದುಡಿಮೆಯ ಭತ್ಯೆಯಿಂದಲೂ ಅವರನ್ನು ಹೊರಗಿಡಲಾಗಿದೆ. ರಾತ್ರಿಯ ವಿರಾಮದ ನಡುವೆ ಎರಡು ಗಂಟೆ ದುರಸ್ತಿ ಮಾಡಿ ಅದನ್ನು ಪ್ರಾಮಾಣಿಕವಾಗಿ ಬರೆದರೆ ಸತತ 10 ಗಂಟೆಗಳ ವಿರಾಮ ಮುರಿಯುತ್ತದೆ. 70 ಗಂಟೆಗಳ ಮಿತಿಯಿಂದಲೂ ಎರಡು ಗಂಟೆ ಕಳೆಯುತ್ತವೆ. ಮೈಲಿಯ ಗಳಿಕೆ ಮಾತ್ರ ಶೂನ್ಯ. ಸತ್ಯ ಬರೆದವನೇ ದಂಡ ತೆರಬೇಕಾದ ವ್ಯವಸ್ಥೆಯಲ್ಲಿ ಸುಳ್ಳು ಬರೆಯುವವರು ಇದ್ದೇ ಇರುತ್ತಾರೆ. ಹಾಗೆ ಮುಚ್ಚಿಟ್ಟ ಆಯಾಸದ ಬೆಲೆಯನ್ನು ಎದುರಿನಿಂದ ಬರುವ ಕಾರಿನ ಕುಟುಂಬ ತೆರಬೇಕಾಗಬಹುದು.

ನಮ್ಮ ದೇಶದ ಸ್ಥಿತಿ ಇದಕ್ಕೆ ತದ್ವಿರುದ್ಧ. ಸಾಮಾನ್ಯವಾಗಿ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ ಹಾಕಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯು, ವಾಹನದ ನಿರ್ವಹಣೆ ಮತ್ತು ದುರಸ್ತಿಯನ್ನು ‘ಪೂರಕ ಕೆಲಸ’ವೆಂದು ಹೆಸರಿಸಿ ಕೆಲಸದ ಅವಧಿಯೊಳಗೇ ಸೇರಿಸಿತ್ತು. ಆ ಕಾಯಿದೆಯ ಸ್ಥಾನದಲ್ಲಿ 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆಯೂ ಈ ವ್ಯಾಖ್ಯೆಯನ್ನು ಉಳಿಸಿಕೊಂಡಿದೆ. ಆದರೆ ಹಳೆಯ ಕಾಯಿದೆ ಐದು ಕಾರ್ಮಿಕರಿರುವ ಸಂಸ್ಥೆಗೂ ಅನ್ವಯಿಸುತ್ತಿತ್ತು. ಹೊಸ ಸಂಹಿತೆಗೆ ಹತ್ತು ಮಂದಿ ಬೇಕು. ಒಂದೆರಡು ಲಾರಿಗಳ ಸಣ್ಣ ಮಾಲೀಕರೇ ಹೆಚ್ಚಾಗಿರುವ ಈ ಉದ್ಯಮದಲ್ಲಿ ಇದರ ಅರ್ಥವೇನೆಂದು ವಿವರಿಸಬೇಕಾಗಿಲ್ಲ. ಟ್ರಿಪ್ಪಿಗೆ ಇಷ್ಟು, ಬತ್ತಾ ಇಷ್ಟು ಎಂದು ಮಾತಿನಲ್ಲೇ ಮುಗಿಯುವ ಒಪ್ಪಂದದಲ್ಲಿ ಗಂಟೆಯ ಪ್ರಸ್ತಾಪವೇ ಬರುವುದಿಲ್ಲ. ಅಮೆರಿಕದಲ್ಲಿ ದುರಸ್ತಿಯ ಗಂಟೆಗೆ ದಾಖಲೆಯಿದ್ದರೂ ಸಂಬಳ ಖಚಿತವಿಲ್ಲ. ನಮ್ಮಲ್ಲಿ ವ್ಯಾಖ್ಯೆಯಿದ್ದರೂ ದಾಖಲೆಯೇ ಇಲ್ಲ.

ಇದು ಖಾಸಗಿ ಲಾರಿಗಳ ಮಾತಷ್ಟೇ ಅಲ್ಲ. ಸೇವೆಯಲ್ಲಿದ್ದಾಗ ನನ್ನ ಮುಂದೆ ಬರುತ್ತಿದ್ದ ಸರ್ಕಾರಿ ಜೀಪುಗಳ ಲಾಗ್ ಪುಸ್ತಕದಲ್ಲಿ ಹೊರಟ ಸ್ಥಳ, ಸೇರಿದ ಸ್ಥಳ, ಕಿಲೋಮೀಟರ್, ಡೀಸೆಲ್ ಇವಕ್ಕೆಲ್ಲ ಅಂಕಣಗಳಿದ್ದವು. ದುರಸ್ತಿಯ ಬಿಲ್ಲಿಗೆ ಪ್ರತ್ಯೇಕ ಕಡತವಿತ್ತು. ಗ್ಯಾರೇಜಿನಲ್ಲಿ ಚಾಲಕ ಕಳೆದ ದಿನಕ್ಕೆ ಮಾತ್ರ ಎಲ್ಲಿಯೂ ಜಾಗವಿರಲಿಲ್ಲ. ಲೆಕ್ಕಪತ್ರವು ಇಂಧನವನ್ನು ಕಾಯುತ್ತಿತ್ತೇ ಹೊರತು ಮನುಷ್ಯನನ್ನಲ್ಲ.

ವಿಮಾನ ಚಾಲಕರಿಗಿರುವಂತೆ ಲಾರಿ ಚಾಲಕರಿಗೂ ಚಾಲನೆಯ ಗಂಟೆಗಳನ್ನು ನಿಗದಿಪಡಿಸಬೇಕೆಂದು ಕೇಂದ್ರ ಸಚಿವ ನಿತಿನ್ ಗಡ್ಕರಿ 2021ರಲ್ಲಿ ಹೇಳಿದ್ದರು. ಆಶಯ ಸ್ವಾಗತಾರ್ಹ. ಆದರೆ ಚಾಲನೆಯನ್ನಷ್ಟೇ ಎಣಿಸಿದರೆ ದುರಸ್ತಿ, ಲೋಡಿಂಗ್, ಕಾಯುವಿಕೆ ಎಲ್ಲವೂ ವಿರಾಮದ ಖಾತೆಗೆ ಜಾರುವ ಅಪಾಯವಿದೆ. ಈ ದಿಸೆಯಲ್ಲಿ ಯುರೋಪಿನ ಮಾದರಿ ಪರಿಶೀಲನೆಗೆ ಅರ್ಹ. ಅಲ್ಲಿನ ಟ್ಯಾಕೊಗ್ರಾಫ್ ಯಂತ್ರದಲ್ಲಿ ಚಾಲನೆಯಲ್ಲದ ಕೆಲಸಕ್ಕೆ ಅಡ್ಡಡ್ಡವಾಗಿಟ್ಟ ಎರಡು ಸುತ್ತಿಗೆಗಳ ಪ್ರತ್ಯೇಕ ಚಿಹ್ನೆಯಿದೆ. ಅದಕ್ಕಿಂತ ಮುಖ್ಯವಾಗಿ, ಕ್ರಮಿಸಿದ ದೂರ ಅಥವಾ ಸಾಗಿಸಿದ ಸರಕಿಗೆ ತಳಕು ಹಾಕಿದ ಸಂಬಳವು ರಸ್ತೆ ಸುರಕ್ಷತೆಗೆ ಧಕ್ಕೆ ತರುವಂತಿದ್ದರೆ ಅದನ್ನು 2006ರ ಯುರೋಪಿಯನ್ ಒಕ್ಕೂಟದ ನಿಯಮ ನಿಷೇಧಿಸುತ್ತದೆ.

ನಮ್ಮ ಸರ್ಕಾರಗಳು ಮಾಡಬೇಕಾದ್ದು ಎರಡು ಕೆಲಸ. ಮೊದಲನೆಯದು, ಹತ್ತು ಮಂದಿಯ ಮಿತಿಯನ್ನು ಮುಂದೊಡ್ಡದೆ, ಪ್ರತಿ ಸರಕು ವಾಹನದಲ್ಲೂ ಚಾಲಕನ ಹೆಸರಿನಲ್ಲಿ ಸರಳ ದಿನಚರಿಯೊಂದನ್ನು ಕಡ್ಡಾಯಗೊಳಿಸುವುದು. ಅದರಲ್ಲಿ ದುರಸ್ತಿಗೆ ಸ್ವಂತ ಅಂಕಣ ಇರಬೇಕು. ಎರಡನೆಯದು, ಆ ಅಂಕಣದಲ್ಲಿ ಬರೆದ ಗಂಟೆಗೆ ಕೂಲಿ ದೊರೆಯುವಂತೆ ಮಾಡುವುದು. ಈ ವೆಚ್ಚ ಸಾಗಣೆ ದರಕ್ಕೆ, ಕೊನೆಗೆ ನಾವು ಕೊಳ್ಳುವ ಅಕ್ಕಿ, ಬೇಳೆ, ಸಿಮೆಂಟಿನ ಬೆಲೆಗೆ ಸೇರುತ್ತದೆ ಎಂಬುದು ನಿಜ. ಆದರೆ ಇದು ಹೊಸದಾಗಿ ಹುಟ್ಟುವ ವೆಚ್ಚವಲ್ಲ. ಇಷ್ಟು ಕಾಲ ಅದನ್ನು ಚಾಲಕ ತನ್ನ ನಿದ್ದೆಯಿಂದ ತುಂಬಿಕೊಡುತ್ತ ಬಂದಿದ್ದಾನೆ.