ಮಗುವಿನ ಗಂಟಲು ನೋವಿಗೂ ಹೃದಯಕ್ಕೂ ಏನು ಸಂಬಂಧ?

ಹೃದಯದ ಕಾಯಿಲೆ ವಯಸ್ಸಾದವರಿಗೆ, ಉಂಡುಟ್ಟು ಕೂತವರಿಗೆ ಬರುವಂಥದ್ದು, ಓಡಿಯಾಡುವ ಮಕ್ಕಳಿಗೆ ಎಲ್ಲಿಂದ ಬರಬೇಕು ಎಂಬ ಮಾತು ನಮ್ಮಲ್ಲಿ ಇನ್ನೂ ಇದೆ. ಆದರೆ ರುಮ್ಯಾಟಿಕ್ ಹೃದ್ರೋಗದ ಬೀಜ ಬೀಳುವುದೇ ಹೆಚ್ಚಾಗಿ 5ರಿಂದ 15 ವರ್ಷದ ಮಕ್ಕಳಲ್ಲಿ, ಅದೂ ಗಂಟಲಿನ ಸೋಂಕಿನಿಂದ.

ತಣ್ಣೀರು ಕುಡಿದು ಗಂಟಲು ಕೆಟ್ಟಿದೆ, ಅರಿಶಿಣದ ಹಾಲು ಕೊಟ್ಟರೆ ಆಯಿತು ಎನ್ನುತ್ತೇವೆ. ಹೆಚ್ಚಿನ ಗಂಟಲು ನೋವು ವೈರಸ್ಸಿನದು, ತಾನಾಗಿಯೇ ವಾಸಿಯಾಗುತ್ತದೆ, ನಿಜ. ಆದರೆ ನೆಗಡಿ, ಕೆಮ್ಮು ಇಲ್ಲದೆ ಜ್ವರ, ಉಗುಳು ನುಂಗಲೂ ನೋವು, ಕುತ್ತಿಗೆಯಲ್ಲಿ ಗಂಟು ಕಂಡರೆ ಅದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ ಇರಬಹುದು. ನೋವು ಶುರುವಾದ 9 ದಿನದೊಳಗೆ ಪೆನಿಸಿಲಿನ್ ಚಿಕಿತ್ಸೆ ಸಿಕ್ಕರೆ ಮುಂದಿನ ಅನಾಹುತ ಬಹುಪಾಲು ತಪ್ಪುತ್ತದೆ.

ಈ ಅನಾಹುತ ಬ್ಯಾಕ್ಟೀರಿಯಾ ನೇರವಾಗಿ ಮಾಡುವಂಥದ್ದಲ್ಲ. ಅದರ ಮೈಮೇಲಿನ ಪ್ರೋಟೀನು ನಮ್ಮ ಹೃದಯದ ಅಂಗಾಂಶವನ್ನು ಹೋಲುತ್ತದೆ. ಹಾಗಾಗಿ ರೋಗಾಣುವಿನ ಮೇಲೆ ಎದ್ದ ದೇಹದ ರಕ್ಷಣಾ ವ್ಯವಸ್ಥೆ ಎರಡು-ಮೂರು ವಾರಗಳ ನಂತರ ಹೃದಯದ ಕವಾಟಗಳ ಮೇಲೂ ಬೀಳಬಹುದು. ಅಷ್ಟರಲ್ಲಿ ಗಂಟಲು ನೋವು ಮನೆಯವರಿಗೆ ಮರೆತೇ ಹೋಗಿರುತ್ತದೆ. ಇದೇ ರುಮ್ಯಾಟಿಕ್ ಜ್ವರ: ಜ್ವರದ ಜತೆ ಮೊಣಕಾಲು ಊದುತ್ತದೆ, ಅದು ಇಳಿಯುವಷ್ಟರಲ್ಲಿ ನೋವು ಪಾದದ ಕೀಲಿಗೆ ಸರಿಯುತ್ತದೆ. ಇದನ್ನು ವಾಯು ಎಂದೋ, ಬೆಳೆಯುವ ವಯಸ್ಸಿನ ನೋವು ಎಂದೋ ಎಣ್ಣೆ ತಿಕ್ಕಿ ಸುಮ್ಮನಾಗುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಬೆಳೆಯುವ ನೋವಿನಲ್ಲಿ ಕೀಲು ಊದುವುದಿಲ್ಲ, ಜ್ವರ ಬರುವುದಿಲ್ಲ. ರುಮ್ಯಾಟಿಕ್ ಜ್ವರದಲ್ಲಿ ಕೀಲು ಪೂರ್ತಿ ವಾಸಿಯಾಗುತ್ತದೆ, ಕವಾಟ ಮಾತ್ರ ಹಾಳಾಗಿಯೇ ಉಳಿಯಬಹುದು. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಅದು ಗೊತ್ತಾಗುವುದು ಬಸುರಿಯಾದಾಗ ದಮ್ಮು ಹತ್ತಿದ ಮೇಲೆ.

ಹಾಗಾದರೆ ದೊಡ್ಡವರ ಹೃದಯಾಘಾತವನ್ನೂ ಆ್ಯಂಟಿಬಯೋಟಿಕ್ ನುಂಗಿ ತಡೆಯಬಹುದೇ? ಆಗದು. ಕ್ಲಮೈಡಿಯಾ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾದ ಮೇಲೆ 1988ರಿಂದ ಅನುಮಾನವಿತ್ತು. ಅಮೆರಿಕದಲ್ಲಿ ಸುಮಾರು 4,000 ಹೃದ್ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಒಂದು ವರ್ಷ ವಾರಕ್ಕೊಮ್ಮೆ ಅಜಿಥ್ರೊಮೈಸಿನ್ ಕೊಟ್ಟು ನೋಡಿದರು. 2005ರಲ್ಲಿ ಫಲಿತಾಂಶ ಬಂತು: ಯಾವ ಪ್ರಯೋಜನವೂ ಕಾಣಲಿಲ್ಲ.

ಮಕ್ಕಳ ವಿಷಯಕ್ಕೇ ಬರೋಣ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿ, ಸರ್ಕಾರಿ ಶಾಲೆಗಳಲ್ಲಿ ಹುಡುಕುವ ಕಾಯಿಲೆಗಳಲ್ಲಿ ರುಮ್ಯಾಟಿಕ್ ಹೃದ್ರೋಗವೂ ಒಂದು. ತಪಾಸಣೆಯ ದಿನ ಮಗುವಿಗೆ ಶಾಲೆ ತಪ್ಪಿಸಬೇಡಿ.

ಕಾಯಿಲೆ ಪತ್ತೆಯಾದ ಮೇಲೆ, ಮಗು ಆರಾಮಾಗಿ ಆಡಿಕೊಂಡಿದೆ, ಇನ್ನೂ ಸೂಜಿ ಯಾಕೆ ಎಂಬ ಪ್ರಶ್ನೆ ಏಳುತ್ತದೆ. 21 ದಿನಕ್ಕೊಮ್ಮೆ ಕೊಡುವ ಬೆಂಜಥಿನ್ ಪೆನಿಸಿಲಿನ್ ಹಳೆಯ ಗಾಯ ವಾಸಿಮಾಡಲಿಕ್ಕಲ್ಲ, ಮತ್ತೆ ಸೋಂಕು ತಗಲಿ ಕವಾಟ ಇನ್ನಷ್ಟು ಕೆಡದಿರಲಿ ಎಂದು. ಇದನ್ನು ವರ್ಷಗಟ್ಟಲೆ, ಕವಾಟ ತೀರ ಕೆಟ್ಟಿದ್ದರೆ 40 ವರ್ಷ ವಯಸ್ಸಿನವರೆಗೂ ಹಾಕಿಸಬೇಕಾಗುತ್ತದೆ. ಅಲರ್ಜಿ ಇದ್ದರೆ ಮೊದಲೇ ವೈದ್ಯರಿಗೆ ಹೇಳಿ. ಜೀವಕ್ಕೆ ಅಪಾಯವಾಗುವಂಥ ತೊಂದರೆ ಬಲು ಅಪರೂಪ.

ಗಂಗಾವತಿಗಿರುವಂತೆ ಕಾಲುವೆ ನೀರಿಲ್ಲದ, ಮಳೆ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆ ಈ 21 ದಿನದ ಲೆಕ್ಕ ತಪ್ಪಿಸುವುದು ಗುಳೆ. ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೊರಟ ತಂದೆತಾಯಿ ಸೂಜಿಯ ಚೀಟಿಯನ್ನು ಆಧಾರ್ ಕಾರ್ಡಿನ ಜತೆಗೇ ಕಟ್ಟಿಕೊಳ್ಳಲಿ. ಅಲ್ಲಿನ ಸರ್ಕಾರಿ ದವಾಖಾನೆಯಲ್ಲಿ ಅದನ್ನು ತೋರಿಸಿ, ಮುಂದಿನ ಸೂಜಿ ಯಾವ ದಿನ ಎಂದು ಬರೆಸಿಕೊಳ್ಳಲಿ.