ಸಾವಯವ ಚಾಕೊಲೇಟ್: ಸುತ್ತುಕಾಗದದ ಹಿಂಬದಿ

ಎಂಟನೆಯ ತರಗತಿಯ ಹುಡುಗನೊಬ್ಬನ ತಾಯಿ ಒಂದು ದಿನ ಅನಗೋಳದ ನಮ್ಮ ಮನೆಗೆ ಬಂದರು. ಚೀಲದಿಂದ ಚಾಕೊಲೇಟ್ ಒಂದನ್ನು ತೆಗೆದು ಮೇಜಿನ ಮೇಲಿಟ್ಟರು. ‘ಸರ್, ಇವ ಮುಂಜಾನೆ ರೊಟ್ಟಿ ಮುಟ್ಟೂದಿಲ್ರಿ. ಇದು ಆರ್ಗ್ಯಾನಿಕ್ ಐತಿ, ಹೃದಯಕ್ಕೂ ಚಲೋ ಅಂತಾರ. ದಿನಾ ಒಂದು ಕೊಟ್ರ ನಡೀತೈತೇನ್ರಿ?’ ಬೆಲೆ ನೋಡಿದೆ. ಸಾಧಾರಣ ಚಾಕೊಲೇಟಿನ ನಾಲ್ಕು ಪಟ್ಟು. ಮಗರಾಯ ಪಕ್ಕದಲ್ಲಿ ನಿಂತು ನನ್ನ ಬಾಯನ್ನೇ ನೋಡುತ್ತಿದ್ದ.

‘ಸಾವಯವ’ ಎಂಬ ಮಾತು ಬೆಳೆ ಬೆಳೆದ ಬಗೆಯನ್ನು ಹೇಳುತ್ತದೆ. ‘ಹೃದಯಕ್ಕೆ ಒಳ್ಳೆಯದು’ ಎಂಬ ಮಾತು ಬೀಜದೊಳಗಿನ ಕೆಲವು ರಾಸಾಯನಿಕಗಳಿಗೆ ಸಂಬಂಧಿಸಿದ್ದು. ಎರಡೂ ಒಂದೇ ಎಂದು ತಿಳಿದರೆ ದುಡ್ಡೂ ಹೋಗುತ್ತದೆ, ತಟ್ಟೆಯಲ್ಲಿ ರೊಟ್ಟಿಯೂ ಉಳಿಯುತ್ತದೆ.

ಚಾಕೊಲೇಟಿನ ಮೂಲ ಕೋಕೋ ಮರ. ಬೆಚ್ಚನೆಯ ಹವೆ, ತೇವ, ನೆರಳು ಬೇಡುವ ಮರ ಇದು. ನೋಡಬೇಕಾದರೆ ಘಟ್ಟ ಇಳಿದು ದಕ್ಷಿಣ ಕನ್ನಡದ ಪುತ್ತೂರು, ಸುಳ್ಯದ ಕಡೆಗೆ ಹೋಗಬೇಕು. ಅಲ್ಲಿ ಅಡಿಕೆಯ ನೆರಳಿನಲ್ಲಿ ಇದು ಉಪಬೆಳೆ. ಹಲಸಿನಂತೆ ಕಾಂಡಕ್ಕೇ ಅಂಟಿಕೊಂಡು ಕಾಯಿ ಬಿಡುತ್ತದೆ. ಹೂವಿನ ಪರಾಗಸ್ಪರ್ಶ ಮಾಡುವವು ನೊರಜಿನಂಥ ಸಣ್ಣ ಕೀಟಗಳು. ಅವು ಹುಟ್ಟುವುದು ಕೊಳೆಯುವ ತರಗೆಲೆಯ ನಡುವೆ. ಕೀಟನಾಶಕ ಹೊಡೆದರೆ ತಿಗಣೆಯ ಜೊತೆಗೆ ಇವುಗಳಿಗೂ ಕುತ್ತು. ಸಾವಯವ ಕೃಷಿಯ ವಾದ ಇಲ್ಲಿ ಬರಿ ಭಾವನೆಯ ಮಾತಲ್ಲ.

ಆ ಭಾಗದ ಕೃಷಿಕರಿಗೆ ಕೋಕೋ ಸುಖವನ್ನಷ್ಟೇ ತಂದಿಲ್ಲ. 1970ರ ದಶಕದಲ್ಲಿ ಉತ್ಸಾಹದಿಂದ ಗಿಡ ನೆಟ್ಟರು. 1980ರ ಸುಮಾರಿಗೆ ಬೆಲೆ ಕುಸಿದು ಕೊಳ್ಳುವವರು ಹಿಂದೆ ಸರಿದಾಗ ಎಷ್ಟೋ ಕಡೆ ಅದೇ ಕೈಗಳು ಗಿಡ ಕಡಿದವು. ಆಗ ಖರೀದಿಗೆ ಇಳಿದದ್ದು ಕ್ಯಾಂಪ್ಕೊ. ಅಡಿಕೆ ಬೆಳೆಗಾರರಿಗಾಗಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಸಹಕಾರಿ ಸಂಸ್ಥೆ ಅದು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕೊಲೇಟ್ ಕಾರ್ಖಾನೆ ಆರಂಭವಾಯಿತು. ಬೆಳೆದವರೇ ಒಡೆಯರಾಗಿರುವ ಚಾಕೊಲೇಟ್ ಕಾರ್ಖಾನೆ ಜಗತ್ತಿನಲ್ಲೇ ಅಪರೂಪ. ನಮ್ಮ ಮಕ್ಕಳಿಗೆ ಸ್ವಿಟ್ಜರ್ಲೆಂಡಿನ ಹೆಸರು ಗೊತ್ತು, ಕೆಮ್ಮಿಂಜೆ ಗೊತ್ತಿಲ್ಲ. ಇರಲಿ.

ಇನ್ನು ಸಾವಯವದ ಮುದ್ರೆ. 2001ರಲ್ಲಿ ಆರಂಭವಾದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮದಂತೆ, ಕೋಕೋದಂಥ ಬಹುವಾರ್ಷಿಕ ಬೆಳೆಯ ತೋಟ ರಾಸಾಯನಿಕ ಬಿಟ್ಟ ಕೂಡಲೇ ಸಾವಯವ ಎನಿಸುವುದಿಲ್ಲ. ಸಾಮಾನ್ಯವಾಗಿ ಮೂರು ವರ್ಷ ಕಾಯಬೇಕು, ಲೆಕ್ಕಪತ್ರ ಇಡಬೇಕು, ತಪಾಸಣೆಗೆ ಒಪ್ಪಬೇಕು. ಉಪಬೆಳೆಯಾದ್ದರಿಂದ ಇನ್ನೊಂದು ತೊಡಕಿದೆ: ಮೇಲೆ ಅಡಿಕೆಗೆ ಹೊಡೆದದ್ದು ಕೆಳಗಿನ ಕೋಕೋ ಮೇಲೂ ಬೀಳುತ್ತದೆ. ಅಡಿಕೆಗೆ ಒಂದು ನೀತಿ, ಕೋಕೋಗೆ ಒಂದು ನೀತಿ ನಡೆಯದು. ಹೀಗೆ ಬೆಳೆದ ಬೀಜಕ್ಕೆ ಹೆಚ್ಚು ಬೆಲೆ ಕೊಡುವುದು ನ್ಯಾಯವೇ. ಆ ಹಣದಲ್ಲಿ ಮಣ್ಣಿಗೂ ದುಡಿಯುವವರಿಗೂ ಒಳಿತಾಗುತ್ತದೆ. ತಿನ್ನುವವನ ಹೃದಯಕ್ಕೆ ಎಷ್ಟು ಒಳಿತು ಎಂಬುದು ಬೇರೆಯೇ ಲೆಕ್ಕ.

ಅದಕ್ಕೆ ಮೊದಲು ತಯಾರಿಕೆ ನೋಡೋಣ. ಪುತ್ತೂರಿನ ತೋಟವೊಂದರಲ್ಲಿ ಯಜಮಾನರು ಕಾಯಿ ಒಡೆದು ಕೊಟ್ಟಾಗ ನನಗೆ ಸೋಜಿಗವಾಯಿತು. ಚಾಕೊಲೇಟಿನ ವಾಸನೆಯೇ ಇಲ್ಲ! ಸೀತಾಫಲದಂತೆ ಬಿಳಿ ತಿರುಳು, ಹುಳಿಸಿಹಿ ರುಚಿ, ಒಳಗೆ ಮೂವತ್ತು ನಲವತ್ತು ಬೀಜ. ಕಚ್ಚಿದರೆ ಒಳಗೆಲ್ಲ ನೇರಳೆ ಬಣ್ಣ, ಕಹಿ, ಒಗರು. ರುಚಿ ಹುಟ್ಟುವುದು ಮುಂದೆ. ತಿರುಳಿನ ಸಮೇತ ಬೀಜಗಳನ್ನು ಬುಟ್ಟಿಯಲ್ಲೋ ಮರದ ಪೆಟ್ಟಿಗೆಯಲ್ಲೋ ಐದಾರು ದಿನ ಮುಚ್ಚಿಡುತ್ತಾರೆ. ನಮ್ಮ ದೋಸೆ ಹಿಟ್ಟು ಹುದುಗಿದಂತೆ ಇಲ್ಲೂ ಸೂಕ್ಷ್ಮಜೀವಿಗಳದೇ ಕಾರುಬಾರು. ಮೊದಲು ಯೀಸ್ಟ್ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಬಳಿಕ ಬ್ಯಾಕ್ಟೀರಿಯಾ ಅದನ್ನು ಅಸಿಟಿಕ್ ಆಮ್ಲವಾಗಿಸುತ್ತದೆ. ರಾಶಿಯ ಉಷ್ಣತೆ 45ರಿಂದ 50 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಬೀಜದ ಮೊಳಕೆ ಸಾಯುತ್ತದೆ, ನೇರಳೆ ಹೋಗಿ ಕಂದು ಬಣ್ಣ ಬರುತ್ತದೆ. ಅನಂತರ ತೇವಾಂಶ ಶೇಕಡಾ 7ರಷ್ಟಕ್ಕೆ ಇಳಿಯುವವರೆಗೆ ಒಣಗಿಸುತ್ತಾರೆ.

ಮುಂದಿನದು ಹುರಿಯುವುದು. ಇದಕ್ಕೆ ಉದಾಹರಣೆ ನಮ್ಮ ಬೆಳಗಾವಿಯ ಕುಂದಾ. ಹಾಲು, ಸಕ್ಕರೆಯನ್ನು ಒಲೆಯ ಮೇಲೆ ಹೊತ್ತುಗಟ್ಟಲೆ ಕುದಿಸಿದಾಗ ಬರುವ ಕಂದು ಬಣ್ಣ, ಘಮಘಮಕ್ಕೆ ಬಹುಮಟ್ಟಿಗೆ ಕಾರಣ ಪ್ರೋಟೀನಿನ ಅಂಶಗಳು ಹಾಲಿನ ಸಕ್ಕರೆಯೊಂದಿಗೆ ನಡೆಸುವ ಕ್ರಿಯೆ. 1912ರಲ್ಲಿ ಫ್ರೆಂಚ್ ವಿಜ್ಞಾನಿ ಮೈಯಾರ್ ಇದನ್ನು ವಿವರಿಸಿದ. ಕೋಕೋ ಬೀಜ ಹುರಿಯುವಾಗಲೂ ನಡೆಯುವುದು ಇದೇ ಕ್ರಿಯೆ. ಹುರಿದ ಬೀಜದ ಸಿಪ್ಪೆ ತೂರಿ ಅರೆದರೆ, ಅದರಲ್ಲಿ ಅರ್ಧದಷ್ಟು ಕೊಬ್ಬೇ ಇರುವುದರಿಂದ, ಪುಡಿಯಾಗದೆ ದ್ರವವಾಗುತ್ತದೆ. ಸಣ್ಣ ಪ್ರಮಾಣದಲ್ಲಿ ಚಾಕೊಲೇಟ್ ಮಾಡುವವರು, ವಿದೇಶದವರೂ ಸೇರಿ, ಅರೆಯಲು ಬಳಸುವ ಕಲ್ಲಿನ ಯಂತ್ರ ನಮ್ಮ ಇಡ್ಲಿ ಹಿಟ್ಟಿನ ವೆಟ್ ಗ್ರೈಂಡರಿನ ತಮ್ಮನೇ!

ಕೊನೆಯದು ಹದ ಮಾಡುವ ಕೆಲಸ. ಕೋಕೋ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು. ಬೇಕಾದದ್ದು ಐದನೆಯ ಬಗೆ. ಅದು ಸುಮಾರು 34 ಡಿಗ್ರಿಗೆ ಕರಗುತ್ತದೆ. ಬಾಯಿಯೊಳಗಿನ ಬಿಸಿ ಅದಕ್ಕಿಂತ ಹೆಚ್ಚು. ನಾಲಿಗೆಯ ಮೇಲೆ ಚಾಕೊಲೇಟ್ ಜಾರುವುದು ಇದರಿಂದ. ಅಗ್ಗದ ಕೆಲವು ಮಿಠಾಯಿಗಳು ಬಾಯಲ್ಲಿ ಮೇಣದಂತೆ ಅಂಟಿಕೊಂಡರೆ ತಿಳಿಯಿರಿ, ಕೋಕೋ ಬೆಣ್ಣೆಯ ಜಾಗದಲ್ಲಿ ಬೇರೆ ವನಸ್ಪತಿ ಕೊಬ್ಬು ಕೂತಿರಬಹುದು.

ಬಗೆಗಳು ಮುಖ್ಯವಾಗಿ ಮೂರು. ಕಪ್ಪು ಚಾಕೊಲೇಟಿನಲ್ಲಿ ಕೋಕೋ ಹೆಚ್ಚು, ಹಾಲಿನದರಲ್ಲಿ ಹಾಲಿನ ಪುಡಿ ಮತ್ತು ಸಕ್ಕರೆ ಹೆಚ್ಚು. ಬಿಳಿಯದರಲ್ಲಿ ಕೋಕೋ ಬೆಣ್ಣೆ ಬಿಟ್ಟರೆ ಬೀಜದ ಕಂದು ಭಾಗ ಇರುವುದೇ ಇಲ್ಲ. ಈ ಮೂರೂ ಸಾವಯವ ಆಗಬಹುದು. ಸಾವಯವ ಸಕ್ಕರೆಯೂ ಸಕ್ಕರೆಯೇ, ಹಲ್ಲಿನ ಹುಳುಕಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹೃದಯದ ಮಾತಿಗೆ ಆಧಾರ ಕೋಕೋದಲ್ಲಿರುವ ಫ್ಲೇವನಾಲ್‌ಗಳು. ರಕ್ತನಾಳಗಳನ್ನು ಸಡಿಲಗೊಳಿಸಲು ಇವು ನೆರವಾಗುತ್ತವೆ. ಅಮೆರಿಕದಲ್ಲಿ 21,000ಕ್ಕೂ ಹೆಚ್ಚು ಹಿರಿಯರ ಮೇಲೆ ನಡೆದ ‘ಕಾಸ್ಮೋಸ್’ ಪ್ರಯೋಗದಲ್ಲಿ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ ಇರುವ ಕೋಕೋ ಸಾರ ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು: ಹೃದಯ, ರಕ್ತನಾಳದ ಕಾಯಿಲೆಗಳ ಒಟ್ಟು ಸಂಖ್ಯೆಯಲ್ಲಿ ಖಚಿತ ಇಳಿಕೆ ಕಾಣಲಿಲ್ಲ, ಅವುಗಳಿಂದಾದ ಸಾವು ಮಾತ್ರ ಕಡಿಮೆಯಿತ್ತು. ಗಮನಿಸಿ, ಕೊಟ್ಟದ್ದು ಗುಳಿಗೆಯನ್ನು, ಚಾಕೊಲೇಟನ್ನಲ್ಲ. ಹುದುಗಿಸುವಾಗ, ಹುರಿಯುವಾಗ, ಕ್ಷಾರದಿಂದ ಸಂಸ್ಕರಿಸುವಾಗ ಫ್ಲೇವನಾಲ್ ಬಹಳಷ್ಟು ನಷ್ಟವಾಗುತ್ತದೆ. ಪ್ರಯೋಗ ಮಕ್ಕಳ ಮೇಲೂ ನಡೆದದ್ದಲ್ಲ.

ಇನ್ನೂ ಒಂದು ಸಂಗತಿ. ಅಮೆರಿಕದ ಸಂಶೋಧಕರು 72 ಕೋಕೋ ಪದಾರ್ಥಗಳ ಪರೀಕ್ಷೆಯ ವಿವರವನ್ನು 2024ರಲ್ಲಿ ಪ್ರಕಟಿಸಿದರು. ಸಾವಯವ ಮುದ್ರೆಯವುಗಳಲ್ಲಿ ಸೀಸ, ಕ್ಯಾಡ್ಮಿಯಂ ಕಡಿಮೆ ಇರುವ ಬದಲು ಹೆಚ್ಚೇ ಕಂಡಿತು. ಕ್ಯಾಡ್ಮಿಯಂ ಬರುವುದು ಮಣ್ಣಿನಿಂದ, ಬೇರಿನ ಮೂಲಕ. ಅಪರೂಪಕ್ಕೆ ಒಂದು ತುಂಡು ತಿಂದವರು ಹೆದರಬೇಕಿಲ್ಲ. ‘ದಿನಾ ಒಂದು’ ಎನ್ನುವಾಗ ಇದು ನೆನಪಿರಲಿ.

ಆ ತಾಯಿಗೆ ಇಷ್ಟೆಲ್ಲ ಹೇಳಲಿಲ್ಲ. ಸುತ್ತುಕಾಗದ ತಿರುಗಿಸಿ ಹಿಂಬದಿ ಓದಲು ಮಗನಿಗೇ ಹೇಳಿದೆ. ಯಾವುದು ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಅವನು ಓದಿದ ಮೊದಲ ಪದ ಸಕ್ಕರೆ. ನೂರು ಗ್ರಾಮಿಗೆ 48 ಗ್ರಾಂ ಎಂದಿತ್ತು. 40 ಗ್ರಾಮಿನ ಪಟ್ಟಿಗೆ ಎಷ್ಟೆಂದು ಅಲ್ಲೇ ಲೆಕ್ಕ ಮಾಡಿಸಿದೆ: 19 ಗ್ರಾಂ ಚಿಲ್ಲರೆ, ಅಂದರೆ ನಾಲ್ಕು ಚಮಚೆಗಿಂತ ಕಡಿಮೆಯಿಲ್ಲ. ‘ಅಯ್ಯ, ಚಹಾಕ್ಕ ಒಂದ ಚಮಚೆ ಹಾಕಾಕ ಹಿಂದಮುಂದ ನೋಡ್ತೀನಲ್ರಿ!’ ಎಂದರು ಅವರು. ಈಗ ರೊಟ್ಟಿ, ಪಲ್ಲೆ ತಿಂದ ಮೇಲೆ ಭಾನುವಾರಕ್ಕೊಂದು ತುಂಡು ಎಂದು ಒಪ್ಪಂದವಾಗಿದೆಯಂತೆ.

ಪುತ್ತೂರಿನಿಂದ ತಂದ ಒಣ ಬೀಜಗಳನ್ನು ಮನೆಯಲ್ಲಿ ಹುರಿದು, ಸಿಪ್ಪೆ ತೆಗೆದು ತರಗತಿಗೆ ಒಯ್ದಿದ್ದೆ. ಸಕ್ಕರೆ ಸೇರದ ಚಾಕೊಲೇಟ್ ಇದೇ ನೋಡಿ ಎಂದು ಒಂದೊಂದು ಚೂರು ಕೊಟ್ಟೆ. ಹೆಚ್ಚಿನವರು ಮುಖ ಕಿವುಚಿ ಕಿಟಕಿಯತ್ತ ಓಡಿದರು. ಅದೇ ಹುಡುಗ ನಿಧಾನವಾಗಿ ಅಗಿದು ನುಂಗಿ, ‘ಸರ್, ಇನ್ನೊಂದು ಐತೇನ್ರಿ?’ ಎಂದು ಕೈ ಚಾಚಿದ.